ಗಾಳಿ ಬರುವ ಕಾರು

ನನ್ನ ಅತ್ತೆಗೆ ಕಾರು ಆಗಿಬರುತ್ತಿರಲಿಲ್ಲ. ಹತ್ತಿ ಕೂತು ಬಾಗಿಲು ಹಾಕಿದ ಕೂಡಲೇ ಮುಖ ಬಿಳುಚಿಕೊಳ್ಳುತ್ತಿತ್ತು. ಒಂದು ಕೈಯಲ್ಲಿ ಲಿಂಬೆಹಣ್ಣು, ಇನ್ನೊಂದರಲ್ಲಿ ಮಡಚಿಟ್ಟ ಪ್ಲಾಸ್ಟಿಕ್ ತೊಟ್ಟೆ. ಉಡುಪಿಯ ಬನ್ನಂಜೆಯಲ್ಲಿರುವ ನಮ್ಮ ಮನೆಯಿಂದ ಹೊರಟು ಮಣಿಪಾಲದ ಏರು ಮುಗಿಯುವುದರೊಳಗೆ ಕಣ್ಣು ಮುಚ್ಚಿಕೊಂಡು, ನಿಲ್ಲಿಸು ಎಂದು ಕೈಸನ್ನೆ ಮಾಡುತ್ತಿದ್ದರು. ಬಸ್ಸಾದರೂ ಅಷ್ಟೇ. ಅಂಥವರ ಮನೆಗೆ ಸೊಸೆಯಾಗಿ ಬಂದವಳು ನಾನು, ರಸ್ತೆಯಲ್ಲಿ ಹಳೆಯ ಕಾರೊಂದು ಹೋದರೆ ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಲ್ಲುವವಳು.

ಈ ಹುಚ್ಚು ನನ್ನ ತವರು ಹೆಜಮಾಡಿಯಲ್ಲಿ ಹಿಡಿದದ್ದು. ಅಪ್ಪ ಕುವೈತಿನಲ್ಲಿದ್ದರು. ಅಲ್ಲಿಂದ ಅವರು ಕಳಿಸುತ್ತಿದ್ದ ಪ್ರತಿಯೊಂದು ಫೋಟೋದಲ್ಲೂ ಯಾವುದಾದರೊಂದು ಕಾರಿಗೆ ಒರಗಿ ನಿಂತಿರುತ್ತಿದ್ದರು. ಯಾವುದೂ ಅವರದ್ದಲ್ಲ. ಬಿಳಿಯದು, ನೀಲಿಯದು, ಹಡಗಿನಷ್ಟು ಉದ್ದದ್ದು, ಹಿಂಬದಿಗೆ ಮೀನಿನ ರೆಕ್ಕೆಯಂಥದ್ದು ಇರುವುದು. ಅಪ್ಪನ ಮುಖ ಬಿಸಿಲಿಗೆ ಸುಕ್ಕುಗಟ್ಟಿ ಸ್ಪಷ್ಟವಾಗುತ್ತಿರಲಿಲ್ಲ, ಕಾರುಗಳು ಮಾತ್ರ ಹೊಳೆಯುತ್ತಿದ್ದವು. ಕಡಲಿನ ಸದ್ದು ಕೇಳುವ ಚಾವಡಿಯಲ್ಲಿ ಹೊಟ್ಟೆಯ ಮೇಲೆ ಮಲಗಿ ನಾನು ಆ ಫೋಟೋಗಳನ್ನು ನೋಡುತ್ತಲೇ ನಿದ್ದೆಹೋಗುತ್ತಿದ್ದೆ. ನಿದ್ದೆಯಲ್ಲಿ ಆ ಕಾರುಗಳೆಲ್ಲ ಹೆಜಮಾಡಿಯ ಮರಳಿನ ಮೇಲೆ ಸದ್ದಿಲ್ಲದೆ ಸಾಲಾಗಿ ಬರುತ್ತಿದ್ದವು, ಅಮ್ಮ ಅವುಗಳ ಬಾನೆಟ್ಟಿನ ಮೇಲೆ ಮೀನು ಒಣಹಾಕುತ್ತಿದ್ದಳು.

ಈಗ ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಗಂಡನಿಗೆ ಉಡುಪಿಯಲ್ಲಿ ಔಷಧದ ಅಂಗಡಿ ಉಂಟು. ನಮ್ಮ ಮನೆಯ ಮಾತು ತುಳು, ಇಲ್ಲಿ ಬರೆಯುವುದಕ್ಕೆ ಅದನ್ನು ಕನ್ನಡ ಮಾಡಿಕೊಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಕಾಪುವಿನ ಒಬ್ಬ ನಿವೃತ್ತ ಹೆಡ್‌ಮಾಸ್ತರರು ತಮ್ಮ ಹಳೆಯ ಪದ್ಮಿನಿ ಕಾರನ್ನು ಕೊಡುತ್ತಾರಂತೆ ಎಂದು ಕೇಳಿ ನೋಡಲು ಹೋದೆ. ತೆಂಗಿನ ಗರಿಯ ಮಾಡಿನ ಕೆಳಗೆ ನಿಂತಿತ್ತು. ಎಳೆಯ ಬಾಳೆಎಲೆಯನ್ನು ಮಗುಚಿದರೆ ಕಾಣುವ ಮಾಸಲು ಹಸಿರು ಬಣ್ಣ. ಗೇರು ಸ್ಟೇರಿಂಗಿನ ಪಕ್ಕದಲ್ಲೇ. ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದಕ್ಕೆ. ಮಾಸ್ತರರು ಕೇಳಿದ್ದು ಒಂದೇ ಪ್ರಶ್ನೆ.

"ಓಡಿಸ್ತೀರೋ, ಇಲ್ಲ ಚಂದಕ್ಕೆ ಇಡ್ತೀರೋ?"

"ಓಡಿಸ್ತೇನೆ" ಎಂದೆ.

"ಹಾಗಾದ್ರೆ ತೆಕ್ಕೊಂಡು ಹೋಗಿ. ನಿಂತರೆ ಅದಕ್ಕೆ ಬೇಜಾರು."

ಅದನ್ನು ಮನೆಗೆ ತಂದ ದಿನ ಅತ್ತೆ ಅಂಗಳಕ್ಕೆ ಬಂದು ಒಂದು ಸುತ್ತು ಹಾಕಿದರು. ಸೀರೆಯ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. "ಹೊಸ ಕಾರಲ್ಲೇ ನನ್ನ ಅವಸ್ಥೆ ಹೀಗೆ. ಈ ಪೆಟ್ರೋಲ್ ವಾಸನೆಯ ಡಬ್ಬದಲ್ಲಿ ಕೂತರೆ ಜೀವವೇ ಹೋದೀತು ಮಾರಾಯ್ತಿ" ಎಂದು ಒಳಗೆ ಹೋದರು.

ಅಂದಿನಿಂದ ಅದು ನನ್ನೊಬ್ಬಳ ಕಾರಾಯಿತು. ಭಾನುವಾರ ಬೆಳಗ್ಗೆ ಚೋಕ್ ಎಳೆದು ಅದನ್ನು ಎಬ್ಬಿಸುತ್ತಿದ್ದೆ. ಮೊದಲು ಕೆಮ್ಮುತ್ತದೆ, ಆಮೇಲೆ ಒಂದು ಉಸಿರು ತಪ್ಪಿಸುತ್ತದೆ, ಕೊನೆಗೆ ಒಂದೇ ರಾಗಕ್ಕೆ ನಿಲ್ಲುತ್ತದೆ. ಆ ರಾಗ ಸಿಕ್ಕಿದ ಮೇಲೆ ನನಗೆ ಎಲ್ಲಿಗೂ ಅವಸರವಿರುವುದಿಲ್ಲ. ಹೆದ್ದಾರಿಯ ಎಡಬದಿ ಹಿಡಿದು ಕಾಪುವಿನ ಕಡೆಗೆ ಹೋಗುವಾಗ ಎಲ್ಲರೂ ನನ್ನನ್ನು ದಾಟಿಕೊಂಡು ಹೋಗುತ್ತಾರೆ. ಹೋಗಲಿ. ದಾಟುವವರು ಒಮ್ಮೆ ತಿರುಗಿ ನೋಡಿ ನಗುತ್ತಾರೆ, ನಾನೂ ನಗುತ್ತೇನೆ. ಕಾರು ಓಡುತ್ತಿದೆಯೋ, ರಸ್ತೆಯೇ ನನ್ನ ಕೆಳಗಿನಿಂದ ಹಿಂದಕ್ಕೆ ಹರಿಯುತ್ತಿದೆಯೋ ಎಂದು ಗೊತ್ತಾಗದ ಒಂದು ಹದ ಉಂಟು. ಆ ಹದದಲ್ಲಿ ಯೋಚನೆಗಳು ತಾವಾಗಿ ಬರುತ್ತವೆ, ತಾವಾಗಿ ಹೋಗುತ್ತವೆ.

ಅತ್ತೆಗೆ ಒಬ್ಬರು ತಂಗಿ. ಬಜಗೋಳಿಯಲ್ಲಿ ಮಗ, ಸೊಸೆಯ ಜೊತೆ ಇದ್ದಾರೆ. ಅತ್ತೆಗೆ ಪ್ರಯಾಣ ಆಗದ ಕಾರಣ ಆ ತಂಗಿಯೇ ಆಗಾಗ ಬಸ್ಸು ಹತ್ತಿ ಉಡುಪಿಗೆ ಬರುವುದು ರೂಢಿಯಾಗಿತ್ತು. ಎರಡು ವರ್ಷದ ಕೆಳಗೆ ತಂಗಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಆಪರೇಷನ್ ಆಯಿತು. ನಡೆಯಲು ವಾಕರ್ ಬೇಕು. ಬರುವುದು ನಿಂತಿತು. ಉಳಿದದ್ದು ವಿಡಿಯೋ ಕಾಲ್. ಅತ್ತೆ ಮಾತಾಡುವಾಗ ಅಭ್ಯಾಸಬಲದಿಂದ ಮೊಬೈಲನ್ನು ಕಿವಿಗೆ ಹಿಡಿಯುತ್ತಿದ್ದರು. ಆಚೆ ತಂಗಿಯೂ ಹಾಗೆಯೇ. ಒಬ್ಬರ ಕಿವಿಯನ್ನು ಇನ್ನೊಬ್ಬರ ಕಿವಿ ನೋಡುತ್ತಿತ್ತು. "ಅಕ್ಕ, ನಿನ್ನ ಮುಖವೇ ಕಾಣುವುದಿಲ್ಲ" ಎಂದು ಅವರು, "ನಿನ್ನದು ಮಾತ್ರ ಕಾಣ್ತದಾ?" ಎಂದು ಇವರು.

ಗಂಡ ತನ್ನ ಡೀಸೆಲ್ ಕಾರು ಕೊಟ್ಟು ಎಲೆಕ್ಟ್ರಿಕ್ ಕಾರು ತೆಗೆದುಕೊಂಡದ್ದಕ್ಕೆ ಇದೂ ಒಂದು ಕಾರಣ. "ಇದಕ್ಕೆ ಹೊಗೆ ಇಲ್ಲ, ವಾಸನೆ ಇಲ್ಲ, ನಡುಕ ಇಲ್ಲ. ಅಮ್ಮನನ್ನು ಬಜಗೋಳಿಗೆ ಕರಕೊಂಡು ಹೋಗಬಹುದು" ಎಂದು ಉತ್ಸಾಹದಲ್ಲಿ ಹೇಳಿದರು. ಮೊದಲು ಮಣಿಪಾಲದ ತನಕ ಹೋಗಿ ನೋಡುವುದೆಂದು ಆಯಿತು. ನಾನು ಹಿಂದೆ ಕೂತಿದ್ದೆ. ಕಾರು ನೀರಿನಲ್ಲಿ ದೋಣಿ ಬಿಟ್ಟ ಹಾಗೆ ಹೊರಟಿತು. ಅತ್ತೆ ಬೆಲ್ಟು ಸರಿಯಾಗಿ ಹಾಕಿಕೊಳ್ಳದ್ದರಿಂದ ಕಾರಿನೊಳಗಿಂದ ಒಂದು ಹೆಣ್ಣು ಧ್ವನಿ ಏನೋ ಹೇಳಿತು.

"ಯಾರು ಅದು?" ಎಂದರು ಅತ್ತೆ.

"ಕಾರು, ಅಮ್ಮ. ಕಾರೇ ಮಾತಾಡುವುದು."

"ಅದಕ್ಕೆ ಸುಮ್ಮನೆ ಕೂರ್ಲಿಕ್ಕೆ ಹೇಳು. ನನಗೆ ಮೊದಲೇ ತಲೆ ತಿರುಗ್ತಾ ಉಂಟು."

ಗಂಡ ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೆಲ್ಲ ಕಾರು ತಾನೇ ಬ್ರೇಕು ಹಿಡಿದಂತೆ ನಿಧಾನವಾಗುತ್ತಿತ್ತು. ಬ್ಯಾಟರಿಗೆ ಅದರಿಂದ ಸ್ವಲ್ಪ ವಿದ್ಯುತ್ತು ಮರಳುತ್ತದೆ, ಒಳ್ಳೆಯ ಉಪಾಯವೇ. ಆದರೆ ಅತ್ತೆಯ ಹೊಟ್ಟೆಗೆ ಅದು ಒಗ್ಗಲಿಲ್ಲ. ಏರಿನ ಅರ್ಧದಲ್ಲಿ ನಿಲ್ಲಿಸಬೇಕಾಯಿತು. ರಸ್ತೆ ಬದಿಯಲ್ಲಿ ಬಾಯಿ ತೊಳೆದುಕೊಂಡು ಅವರು ಹೇಳಿದರು, "ಕಾರು ಹಿಂದೆ ಉಳೀತದೆ, ಹೊಟ್ಟೆ ಮಾತ್ರ ಮುಂದೆ ಹೋಗ್ತದೆ ಮಗಾ. ಇನ್ನು ಬೇಡ." ಮನೆಗೆ ಮರಳಿದ ಮೇಲೆ ಗಂಡ ಬಹಳ ಹೊತ್ತು ಕಾರಿನೊಳಗೇ ಕೂತಿದ್ದರು. ನನಗೆ ಅವರನ್ನು ನೋಡಿ ಕಷ್ಟವಾಯಿತು.

ಅದಾಗಿ ಕೆಲವು ದಿನಕ್ಕೆ ಅತ್ತೆಗೆ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋಗಲಿಕ್ಕಿತ್ತು. ಗಂಡ ಹೊಸ ಕಾರಿನಲ್ಲಿ ಮಂಗಳೂರಿಗೆ ಹೋಗಿದ್ದರು. ಬರುತ್ತೇನೆಂದಿದ್ದ ರಿಕ್ಷಾದವನು ಬರಲಿಲ್ಲ. ಸಮಯ ಮೀರುತ್ತಿತ್ತು. ನಾನು ಪದ್ಮಿನಿಯ ಬೀಗದ ಕೈ ಹಿಡಿದು ನಿಂತಿದ್ದೆ, ಕೇಳಲು ಧೈರ್ಯವಿರಲಿಲ್ಲ. ಅತ್ತೆಯೇ, "ಹೇಗೂ ವಾಂತಿ ಆಗುವುದೇ ಅಲ್ವಾ, ಯಾವುದರಲ್ಲಿ ಆದರೆಂತ" ಎಂದು ಬಂದು ಮುಂದಿನ ಬೆಂಚಿನ ಮೇಲೆ ಕೂತರು.

ಹಳೆಯ ಕಾರುಗಳಲ್ಲಿ ಮುಂದಿನ ಕಿಟಕಿಯ ಮೂಲೆಗೆ ಒಂದು ಸಣ್ಣ ತ್ರಿಕೋನದ ಗಾಜಿರುತ್ತದೆ. ಚಿಲಕ ಎತ್ತಿ ದೂಡಿದರೆ ಬಾಗಿಲಿನ ಹಾಗೆ ತಿರುಗಿ ನಿಲ್ಲುತ್ತದೆ, ಗಾಳಿಯನ್ನು ಹಿಡಿದು ಕೂತವರ ಎದೆಗೆ ತಂದು ಬಿಡುತ್ತದೆ. ಎ.ಸಿ. ಬಂದ ಮೇಲೆ ಅದು ಯಾರಿಗೂ ಬೇಡವಾಯಿತು. ನಾನು ಕೈಚಾಚಿ ಅತ್ತೆಯ ಬದಿಯ ಆ ಗಾಜನ್ನು ತಿರುಗಿಸಿದೆ. ಹೊರಟೆವು. ಹಸಿ ಹುಲ್ಲಿನ, ಯಾರದೋ ಮನೆಯ ಒಗ್ಗರಣೆಯ ವಾಸನೆ ಹೊತ್ತುಕೊಂಡು ಗಾಳಿ ಒಳಗೆ ಬಂತು. ಅತ್ತೆಯ ಹಣೆಯ ಮೇಲಿನ ಬಿಳಿ ಕೂದಲು ಹಾರಾಡಿತು. ಅವರು ಕಣ್ಣು ಮುಚ್ಚಿಕೊಂಡರು. ನಾನು ನಿಲ್ಲಿಸಲು ತಯಾರಾಗಿ ಎಡಕ್ಕೆ ಎಳೆದುಕೊಂಡೇ ಓಡಿಸಿದೆ. ಏರು ಮುಗಿಯಿತು. ಅವರು ಕಣ್ಣು ತೆರೆದು, "ಇದು ಮಣಿಪಾಲವಾ?" ಎಂದು ಕೇಳಿದರು. ಅವರು ಮಣಿಪಾಲವನ್ನು ಕಣ್ಣುಬಿಟ್ಟು ಪೂರ್ತಿಯಾಗಿ ನೋಡಿದ್ದು ಬಹುಶಃ ಅದೇ ಮೊದಲು. ಎತ್ತರದ ಕಟ್ಟಡಗಳನ್ನು, ಕೊಡೆ ಹಿಡಿದು ನಗುತ್ತ ಹೋಗುವ ವಿದ್ಯಾರ್ಥಿಗಳನ್ನು ಕತ್ತು ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣಿನ ಡಾಕ್ಟರರ ಬಾಗಿಲಲ್ಲಿ ಇಳಿಯುವಾಗ ಕೇಳಿದರು:

"ಇದು ಬಜಗೋಳಿಗೆ ಮುಟ್ಟೀತಾ?"

"ಮುಟ್ಟುತ್ತದೆ ಅತ್ತೆ. ನಿಧಾನ ಹೋಗಬೇಕು."

"ನನಗೆ ಎಂತ ಅವಸರ?"

ಜನವರಿಯ ಒಂದು ಭಾನುವಾರ ನಾವಿಬ್ಬರೇ ಹೊರಟೆವು. ಗಂಡ ತಾನೂ ಬರುತ್ತೇನೆಂದರು. ಅತ್ತೆ, "ನೀನು ಬಂದರೆ ದಾರಿ ಇಡೀ ವಾಂತಿ ಬಂತಾ, ವಾಂತಿ ಬಂತಾ ಅಂತ ಕೇಳ್ತೀಯ, ಅದಕ್ಕೇ ಬರ್ತದೆ" ಎಂದು ಬಿಟ್ಟುಬಂದರು. ಪರ್ಕಳ ದಾಟಿ ಹಿರಿಯಡಕದ ದಾರಿ ಹಿಡಿಯುವಾಗ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಸ್ವರ್ಣಾ ನದಿಯ ಸೇತುವೆಯ ಮೇಲೆ ಅದು ಬಿಳಿಯ ಬಟ್ಟೆ ಒಣಹಾಕಿದ ಹಾಗೆ ತೂಗುತ್ತಿತ್ತು. ಅತ್ತೆ ಊರುಗಳ ಬೋರ್ಡುಗಳನ್ನು ಸಣ್ಣ ದನಿಯಲ್ಲಿ ಓದುತ್ತ ಬಂದರು. ಕೆಲವು ಹೆಸರು ಓದಿದ ಮೇಲೆ ಆ ಊರಿನ ಯಾರದಾದರೂ ಮದುವೆ, ಯಾರದಾದರೂ ಬಾಣಂತನ ನೆನಪಾಗುತ್ತಿತ್ತು. ಹೇಳಿ ಮುಗಿಸುವ ಮೊದಲೇ ಮುಂದಿನ ಊರು ಬರುತ್ತಿತ್ತು. ಬೈಲೂರಿನ ಏರಿನಲ್ಲಿ ಕಾರು ಎರಡನೇ ಗೇರಿಗೆ ಬಿದ್ದು ಗೊಣಗಿತು. "ಪಾಪ" ಎಂದು ಅತ್ತೆ ಡ್ಯಾಶ್‌ಬೋರ್ಡನ್ನು ದನದ ಬೆನ್ನು ಸವರುವ ಹಾಗೆ ಸವರಿದರು.

ಕಾರ್ಕಳ ತಲುಪುವಾಗ ಬಿಸಿಲು ಏರಿತ್ತು. ಪೇಟೆಯಲ್ಲಿ ನಿಂತು ನಿಂತು ಸಾಗಿದ್ದರಿಂದ ಇಂಜಿನ್ ಕಾದಿತ್ತು. ಆನೆಕೆರೆಯ ಹತ್ತಿರ ಬಂದಾಗ ಅದು ಎರಡು ಸಲ ಮುಗ್ಗರಿಸಿ ಸುಮ್ಮನಾಯಿತು. ನನಗೆ ಕಾರಣ ಗೊತ್ತಿತ್ತು. ಇಂಜಿನ್ನಿಗೆ ಪೆಟ್ರೋಲ್ ಎಳೆದುಕೊಡುವ ಚಿಕ್ಕ ಪಂಪು ಕಾದರೆ, ಒಳಗಿನ ಪೆಟ್ರೋಲ್ ಆವಿಯಾಗಿ ಮುಂದೆ ಹೋಗುವುದಿಲ್ಲ. ವಯಸ್ಸಾದ ಕಾರುಗಳಿಗೆ ಇದು ಸಾಮಾನ್ಯ. ಒದ್ದೆ ಬಟ್ಟೆ ಸುತ್ತಿ ಕಾಯಬೇಕು, ಬೇರೆ ಮದ್ದಿಲ್ಲ. ಅತ್ತೆಗೆ ಅದನ್ನೇ ಹೇಳಿದೆ.

"ನಮ್ಮಲ್ಲಿ ಜ್ವರಕ್ಕೂ ಹಾಗೆಯೇ ಅಲ್ವಾ" ಎಂದು ತಮ್ಮ ಚೀಲದಿಂದ ಟವೆಲು ತೆಗೆದುಕೊಟ್ಟರು.

ಬಾಟಲಿಯ ನೀರಿನಲ್ಲಿ ಟವೆಲು ನೆನೆಸಿ ಪಂಪಿಗೆ ಸುತ್ತಿ, ಬಾನೆಟ್ಟು ತೆರೆದಿಟ್ಟು, ಕೆರೆಯ ದಂಡೆಯ ನೆರಳಿಗೆ ಹೋಗಿ ಕೂತೆವು. ಕೆರೆಯ ನಡುವಿನ ಬಸದಿ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ಗಾಳಿ ಬಂದಾಗ ಕದಡುತ್ತಿತ್ತು, ನಿಂತಾಗ ಮತ್ತೆ ಕೂಡಿಕೊಳ್ಳುತ್ತಿತ್ತು. ಗಂಡನ ಫೋನು ಬಂತು. ತಾನು ಬಂದು ಕರೆದೊಯ್ಯಲೇ ಎಂದು ಕೇಳಿದರು. ಬೇಡವೆಂದೆ. ಅತ್ತೆ ನೀರನ್ನೇ ನೋಡುತ್ತ ಮಾತಾಡತೊಡಗಿದರು.

"ನಾನು ಮೊದಲು ಕಾರಲ್ಲಿ ಕೂತದ್ದು ಮದುವೆಯ ದಿನ. ಬಜಗೋಳಿಯಿಂದ ಉಡುಪಿಗೆ ಬಾಡಿಗೆ ಕಾರು ಮಾಡಿದ್ದರು. ಹಿಂದಿನ ಸೀಟಲ್ಲಿ ಎಷ್ಟು ಜನ ಅಂತ ಲೆಕ್ಕ ಇಲ್ಲ. ತಲೆ ತುಂಬ ಮಲ್ಲಿಗೆ ಬೇರೆ. ಕಿಟಕಿ ಇಳಿಸ್ಲಿಕ್ಕೆ ನೋಡಿದೆ, ಇಳಿಯಲಿಲ್ಲ. ಇಲ್ಲೇ ಎಲ್ಲೋ ಆಗಿರಬೇಕು, ಕಾರ್ಕಳದ ಹತ್ತಿರ. ಹೊಸ ಸೀರೆಯ ಮೇಲೆಯೇ ಆಯ್ತು."

"ಆಮೇಲೆ?"

"ನಿನ್ನ ಮಾವ ಕಾರು ನಿಲ್ಲಿಸಲು ಹೇಳಿದರು. ಅಷ್ಟರ ತನಕ ನಾವು ಒಂದು ಮಾತೂ ಆಡಿರಲಿಲ್ಲ. ಇಳಿದು ನೀರು ತಂದುಕೊಟ್ಟರು. ಅವರ ಶಾಲಿನಲ್ಲೇ ಸೀರೆ ಒರಸಿದರು. ಹಿಂದೆ ಕೂತವರೆಲ್ಲ ನಗುತ್ತಿದ್ದರು. ಮನೆಗೆ ಹೋದ ಮೇಲೂ ನಗೆ. ಯಾರದಾದರೂ ಮದುವೆ ಮಾತು ಬಂದರೆ ಸಾಕು, ಇದನ್ನು ತೆಗೆಯುತ್ತಿದ್ದರು. ನಿನ್ನ ಮಾವ ಮಾತ್ರ ಇರುವ ತನಕ ಒಂದು ಸಲವೂ ಅದನ್ನು ಹೇಳಲಿಲ್ಲ." ಸೆರಗಿನ ತುದಿಯನ್ನು ಮಡಿಲಲ್ಲಿ ಮಡಚುತ್ತ, "ಕಾರು ಅಂದ ಕೂಡಲೇ ನನಗೆ ಆ ನಗೆ ಕೇಳ್ತದೆ" ಎಂದರು.

ನಾನು ಮದುವೆಯಾಗಿ ಬರುವ ಹೊತ್ತಿಗೆ ಮಾವ ತೀರಿಕೊಂಡಿದ್ದರು. ಗೋಡೆಯ ಫೋಟೋದಲ್ಲಿ ಗಂಭೀರವಾಗಿ ಕೂತ ಆ ಮನುಷ್ಯ ರಸ್ತೆಬದಿಯಲ್ಲಿ ಮಂಡಿಯೂರಿ, ಗುರುತಿಲ್ಲದ ಹುಡುಗಿಯ ಸೀರೆ ಒರಸುವುದನ್ನು ಊಹಿಸುತ್ತ ಕೂತೆ. ನೀರಿನ ಮೇಲೆ ಬಾತುಕೋಳಿಯೊಂದು ಗೆರೆ ಎಳೆದುಕೊಂಡು ಹೋಯಿತು. ಅತ್ತೆ ನನ್ನ ಭುಜಕ್ಕೆ ಒರಗಿದರು. ಕಾರು ತಣಿಯಲು ಬೇಕಾದದ್ದಕ್ಕಿಂತ ಹೆಚ್ಚೇ ಹೊತ್ತು ನಾವು ಅಲ್ಲಿ ಕೂತಿದ್ದೆವು.

ಬಜಗೋಳಿಯ ಮನೆಯಂಗಳಕ್ಕೆ ಕಾರು ತಿರುಗಿದಾಗ ತಂಗಿ ಜಗಲಿಯಲ್ಲಿ ವಾಕರ್ ಹಿಡಿದು ನಿಂತಿದ್ದರು. ಅತ್ತೆ ಮೆಟ್ಟಿಲ ಬಳಿ ನಿಂತರು.

"ಬಂದಿಯಾ?"

"ಬಂದೆ."

"ವಾಂತಿ?"

"ಇಲ್ಲ."

ತಂಗಿ ನಂಬಲಿಲ್ಲ. ನನ್ನ ಕಡೆ ತಿರುಗಿ, "ಹೌದಾ ಮಗಾ?" ಎಂದರು. ಹೌದೆಂದೆ. ಆಗ ಅವರು ವಾಕರ್ ಬಿಟ್ಟು ಅಕ್ಕನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬೀಳದಂತೆ ಅವರ ಸೊಸೆ ಹಿಂದಿನಿಂದ ಆಧಾರ ಕೊಟ್ಟಳು. ಅಕ್ಕ ತಂಗಿ ಅಳಲಿಲ್ಲ. ಒಬ್ಬರ ಮುಖವನ್ನೊಬ್ಬರು ನೋಡಿದರು, ಅಷ್ಟೇ. ಮೊಬೈಲಿನಲ್ಲಿ ಕಾಣದೆ ಹೋದದ್ದನ್ನೆಲ್ಲ ಒಟ್ಟಿಗೆ ನೋಡಿ ಮುಗಿಸುವವರ ಹಾಗೆ.

ಮಧ್ಯಾಹ್ನ ಕೋಳಿಸಾರಿನಲ್ಲಿ ನೆನೆಸಿದ ಕೋರಿರೊಟ್ಟಿ ಉಂಡು ಎಲ್ಲರೂ ತೂಕಡಿಸುತ್ತಿರುವಾಗ ತಂಗಿಯ ಮಗ ನನ್ನ ಕಾರಿನ ಸುತ್ತ ಓಡಾಡುತ್ತಿದ್ದ. ಅವನದ್ದು ಪಂಪ್‌ಸೆಟ್ ರಿಪೇರಿಯ ಅಂಗಡಿ.

"ಅತ್ತಿಗೆ, ಇದರ ಇಂಜಿನ್ ತೆಗೆದು ಮೋಟಾರು, ಬ್ಯಾಟರಿ ಕೂರಿಸಬಹುದು. ಈಗ ಮಾಡಿಕೊಡುವವರು ಇದ್ದಾರೆ. ದಾರಿಯಲ್ಲಿ ನಿಲ್ಲುವ ತಲೆಬಿಸಿ ಇರುವುದಿಲ್ಲ."

"ಹೊರಗಿನಿಂದ ಹೀಗೆಯೇ ಇರ್ತದಾ?"

"ಹೀಗೆಯೇ. ಒಳಗೆ ಮಾತ್ರ ಹೊಸದು."

ಜಗಲಿಯ ಕಂಬಕ್ಕೆ ಒರಗಿ ಅದನ್ನೇ ಯೋಚಿಸಿದೆ. ಹೊಸದರ ಮೇಲೆ ನನಗೆ ಸಿಟ್ಟಿಲ್ಲ. ಒಮ್ಮೆ ಗಂಡನ ಕಾರಿನಲ್ಲಿ ಬೆಳಗ್ಗೆ ಕಾಪುವಿಗೆ ಹೋದಾಗ ಇಂಜಿನ್ನಿನ ಸದ್ದೇ ಇಲ್ಲದ್ದರಿಂದ ದೀಪಸ್ತಂಭ ಕಾಣುವ ಮೊದಲೇ ಅಲೆಯ ಸದ್ದು ಒಳಗೆ ಬಂದಿತ್ತು. ಆ ಸುಖ ನನ್ನ ಪದ್ಮಿನಿ ಎಂದೂ ಕೊಟ್ಟಿಲ್ಲ. ಹೊಗೆಯಿಲ್ಲದೆ ಓಡುವುದು ಒಳ್ಳೆಯದೇ, ನಾವೆಲ್ಲರೂ ಒಂದು ದಿನ ಅದಕ್ಕೇ ಬರಬೇಕು. ಅರ್ಧ ನಿದ್ದೆಯಲ್ಲಿ ನನ್ನ ಹಸಿರು ಕಾರು ಸದ್ದಿಲ್ಲದೆ ತೇಲಿಕೊಂಡು ಹೋಗುವುದನ್ನು ಕಂಡೆ, ಹೆಜಮಾಡಿಯ ಆ ಹಳೆಯ ಕನಸಿನ ಕಾರುಗಳ ಹಾಗೆ. ಚಂದವೇ ಇತ್ತು. ಆದರೆ ಬೆಳಗ್ಗೆ ಅದನ್ನು ಕೆಮ್ಮಿಸಿ ಎಬ್ಬಿಸುವುದು, ಸದ್ದು ಕೇಳಿ ಅದರ ಮೈಗೆ ಏನಾಗಿದೆಯೆಂದು ತಿಳಿಯುವುದು, ಕಾದಾಗ ಕಾಯುವುದು, ಇವೆಲ್ಲ ಇಲ್ಲವಾದರೆ ನಾನು ಅದರಲ್ಲಿ ಕೂತು ಮಾಡುವುದೇನು?

"ಸದ್ಯಕ್ಕೆ ಬೇಡ ಮಾರಾಯ" ಎಂದೆ. "ಅದಕ್ಕೆ ತಾನಾಗಿ ಸಾಕು ಅನಿಸುವ ದಿನ ನೋಡುವ."

ಅವನು ನಕ್ಕು, ಪಂಪಿಗೆ ಶಾಖ ತಾಗದಂತೆ ಒಂದು ತಗಡಿನ ತುಂಡನ್ನು ಕತ್ತರಿಸಿ ಅಡ್ಡ ಕೂರಿಸಿಕೊಟ್ಟ.

ಹೊರಡುವಾಗ ತಂಗಿ ತಾನೂ ಬರುತ್ತೇನೆಂದರು. ಯಾರೂ ಕರೆದಿರಲಿಲ್ಲ, ಬೇಡವೆನ್ನಲು ಯಾರಿಗೂ ಮನಸ್ಸಾಗಲಿಲ್ಲ. ಸೀರೆಗಳ ಗಂಟು, ಮಾತ್ರೆಯ ಡಬ್ಬಿ, ಮಡಚಿದ ವಾಕರ್ ಡಿಕ್ಕಿಗೆ ಸೇರಿದವು. ಅಕ್ಕ ತಂಗಿ ಇಬ್ಬರೂ ಹಿಂದೆ ಕೂತರು. ಕಡಲು ನೋಡದೆ ಬಹಳ ಕಾಲವಾಯಿತು ಎಂದು ತಂಗಿ ಹೇಳಿದ್ದರಿಂದ ಬೆಳ್ಮಣ್ ಮೂಲಕ ಪಡುಬಿದ್ರಿಗೆ ಇಳಿದು ಕಾಪುವಿಗೆ ಹೋಗುವುದೆಂದು ತೀರ್ಮಾನಿಸಿದೆ.

ಮೊದಲು ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಇಳಿಜಾರಿನ ದಾರಿ, ಸಂಜೆಯ ಬಿಸಿಲು ಎದುರಿನಿಂದ ಬಂದು ಮಡಿಲ ಮೇಲೆ ಬಿದ್ದಿತ್ತು. ಇಂಜಿನ್ ತನ್ನ ರಾಗ ಹಿಡಿದಿತ್ತು. ಮಾತು ಒಂದೊಂದಾಗಿ ಕಡಿಮೆಯಾಯಿತು. ಕನ್ನಡಿಯಲ್ಲಿ ನೋಡಿದರೆ ಇಬ್ಬರೂ ಒಬ್ಬರ ತಲೆಗೆ ಒಬ್ಬರು ತಲೆ ಕೊಟ್ಟು ನಿದ್ದೆಹೋಗಿದ್ದರು. ನಾನು ಇನ್ನೂ ನಿಧಾನ ಮಾಡಿದೆ. ಹಿಂದಿನ ಬಸ್ಸಿನವನು ಹಾರ್ನ್ ಹಾಕಿ ದಾಟಿಹೋದ. ಕಾಪುವಿನ ಕಡಲ ಬದಿಯಲ್ಲಿ ಕಾರು ನಿಲ್ಲಿಸಿದಾಗಲೂ ಅವರಿಗೆ ಎಚ್ಚರವಾಗಲಿಲ್ಲ. ಎಬ್ಬಿಸಲು ಮನಸ್ಸು ಬಾರದೆ, ಸೂರ್ಯ ಪೂರ್ತಿ ಮುಳುಗುವ ತನಕ ಅವರ ಪಾಲಿನದ್ದನ್ನೂ ನಾನೇ ನೋಡಿದೆ. ಎದ್ದ ಮೇಲೆ ತಂಗಿ, "ಕಡಲು ಎಲ್ಲಿಗೆ ಹೋಯ್ತು?" ಎಂದು ಕೇಳಿದರು. ಕತ್ತಲಲ್ಲಿ ಅಲೆಯ ಸದ್ದು ಮಾತ್ರ ಇತ್ತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನು ಕೇಳಿದರು.

ತಂಗಿ ಎರಡು ವಾರ ನಮ್ಮಲ್ಲಿದ್ದರು. ವಿಚಿತ್ರವೆಂದರೆ ಅವರಿಗೆ ಇಷ್ಟವಾದದ್ದು ನನ್ನ ಗಂಡನ ಕಾರು. ಅದು ಮಾತಾಡಿದಾಗಲೆಲ್ಲ ಇವರು ಉತ್ತರ ಕೊಡುತ್ತಿದ್ದರು. ಬೆಲ್ಟು ಹಾಕಿ ಎಂದರೆ "ಹಾಕಿದೆ ಮಾರಾಯ್ತಿ, ಸ್ವಲ್ಪ ತಾಳು" ಎನ್ನುವರು. ಗಂಡನಿಗೆ ಕೊನೆಗೂ ಒಬ್ಬರು ಪ್ರಯಾಣಿಕರು ಸಿಕ್ಕಿದ ಸಂತೋಷ. ಸಂಜೆಯಾದರೆ ಚಿಕ್ಕಮ್ಮನನ್ನು ಕೂರಿಸಿಕೊಂಡು ಮಣಿಪಾಲ ಸುತ್ತಿಸುತ್ತಿದ್ದರು. ಚಾರ್ಜಿಗೆ ಹಾಕಿದ ಕಾರಿನ ಪಕ್ಕದಲ್ಲಿ ಕುರ್ಚಿ ಇಟ್ಟುಕೊಂಡು ಚಿಕ್ಕಮ್ಮ, "ಇನ್ನೂ ಊಟ ಆಗಲಿಲ್ವಾ ಇದಕ್ಕೆ?" ಎಂದು ವಿಚಾರಿಸುತ್ತಿದ್ದರು.

ಬಜಗೋಳಿಗೆ ಅವರನ್ನು ಬಿಟ್ಟುಬರುವ ದಿನ ಎರಡೂ ಕಾರು ಹೊರಟವು. ಮುಂದೆ ಗಂಡನ ಕಾರಿನಲ್ಲಿ ಚಿಕ್ಕಮ್ಮ, ಹಿಂದೆ ನನ್ನದರಲ್ಲಿ ಅತ್ತೆ. ಹಿರಿಯಡಕದ ತನಕ ಒಟ್ಟಿಗೇ ಇದ್ದೆವು. ಆಮೇಲೆ ಏರುಗಳಲ್ಲಿ ಆ ಕಾರು ಸದ್ದಿಲ್ಲದೆ ಜಾರಿಕೊಂಡು ದೂರವಾಗತೊಡಗಿತು. ನಾನು ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದೆ.

"ಬೇಡ, ಅವರು ಹೋಗ್ಲಿ" ಎಂದರು ಅತ್ತೆ. "ಮುಟ್ಟಿದ ಮೇಲೆ ಅವಳು ಹೇಗೂ ಜಗಲಿಯಲ್ಲಿ ಕಾದು ಕೂರ್ತಾಳೆ. ಯಾರಾದರೂ ನನ್ನನ್ನು ಕಾಯುವುದು ಅಂದರೆ ನನಗೂ ಸ್ವಲ್ಪ ಖುಷಿಯೇ."

ನಾನು ಕಾಲು ಸಡಿಲಿಸಿದೆ. ಗೋಡಂಬಿ ಮರಗಳಲ್ಲಿ ಹೂ ಬಿಟ್ಟಿತ್ತು. ದಾರಿ ಬಿಸಿಲು ನೆರಳಾಗಿ ಮುಂದೆ ಬಿದ್ದಿತ್ತು, ಅತ್ತೆ ಮುಂದಿನ ಊರಿನ ಬೋರ್ಡು ಓದಲು ಕತ್ತು ಚಾಚಿದ್ದರು.